ಹೊಂಡದಿಂದ ಅಳಿವೆಯವರೆಗೆ: ಸೃಜನಶೀಲ ನಗರ ಕುರಿತ ಓದುಗರ ಪ್ರಶ್ನೆಗಳು

ಕಲೆ ಮತ್ತು ಕರಕುಶಲವನ್ನು ನೆಚ್ಚಿಕೊಂಡು ಒಂದು ಊರು ತನ್ನ ಪರಿಸರವನ್ನು ಕೆಡಿಸಿಕೊಳ್ಳದೆ ಬದುಕು ಕಟ್ಟಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಹಿಂದೊಮ್ಮೆ ಈ ಅಂಕಣದಲ್ಲಿ ಚಿಕ್ಕದಾಗಿ ಉತ್ತರಿಸಿದ್ದೆ. ಆ ಬಳಿಕ ಬಂದ ಪತ್ರಗಳಲ್ಲಿ ಹೆಚ್ಚಿನವು ಉತ್ತರ ಕನ್ನಡ ಜಿಲ್ಲೆಯವು. ಘಟ್ಟದ ಮೇಲಿನವರೂ ಕೆಳಗಿನವರೂ ಒಂದೇ ವಿಷಯವನ್ನು ಬೇರೆ ಬೇರೆ ದಿಕ್ಕಿನಿಂದ ಕೇಳಿದ್ದಾರೆ. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮೂರಿನ ಒಂದು ಸಭೆಯಲ್ಲಿ ಶಿರಸಿಯನ್ನು ಯುನೆಸ್ಕೋದ "ಸೃಜನಶೀಲ ನಗರ"ಗಳ ಪಟ್ಟಿಗೆ ಸೇರಿಸಲು ಅರ್ಜಿ ಹಾಕಬೇಕೆಂಬ ಮಾತು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಏನೆಂದು ನನಗೆ ಸರಿಯಾಗಿ ತಿಳಿಯಲಿಲ್ಲ, ಕೇಳಲು ಸಂಕೋಚವಾಯಿತು. ಅಷ್ಟು ಚಿಕ್ಕ ಊರಿಗೆ ಅದು ಸಾಧ್ಯವೇ? ಸಿಕ್ಕರೆ ಏನು ಪ್ರಯೋಜನ?
ನಿವೃತ್ತ ಶಿಕ್ಷಕಿ, ಶಿರಸಿ

ಉತ್ತರ: ಸಂಕೋಚ ಪಡಬೇಕಾದದ್ದು ಏನೂ ಇಲ್ಲ. ಚಪ್ಪಾಳೆ ತಟ್ಟಿದವರಲ್ಲಿ ಹಲವರಿಗೂ ನಿಮ್ಮದೇ ಪ್ರಶ್ನೆ ಇದ್ದಿರಬೇಕು.

ಯುನೆಸ್ಕೋ ಸಂಸ್ಥೆಯು 2004ರಲ್ಲಿ ಸೃಜನಶೀಲ ನಗರಗಳ ಜಾಲವನ್ನು ಆರಂಭಿಸಿತು. ಕರಕುಶಲ ಮತ್ತು ಜಾನಪದ ಕಲೆ, ವಿನ್ಯಾಸ, ಚಲನಚಿತ್ರ, ಆಹಾರ ಪರಂಪರೆ, ಸಾಹಿತ್ಯ, ಮಾಧ್ಯಮ ಕಲೆ, ಸಂಗೀತ ಎಂಬ ಏಳು ಕ್ಷೇತ್ರಗಳಲ್ಲಿ ಯಾವುದಾದರೊಂದನ್ನು ತನ್ನದೆಂದು ಆರಿಸಿಕೊಂಡು ಊರು ಅರ್ಜಿ ಹಾಕಬೇಕೆಂಬುದು ಅದರ ಕ್ರಮವಾಗಿ ಬಂತು. 2025ರಲ್ಲಿ ವಾಸ್ತುಶಿಲ್ಪ ಎಂಟನೆಯ ಕ್ಷೇತ್ರವಾಗಿ ಸೇರಿತು. ಸ್ಕಾಟ್ಲೆಂಡಿನ ಎಡಿನ್‌ಬರೋ ಮೊದಲ ಸಾಹಿತ್ಯ ನಗರವಾಯಿತು. ನಮ್ಮ ದೇಶದಿಂದ 2015ರಲ್ಲಿ ಜೈಪುರ ಕರಕುಶಲಕ್ಕೂ ವಾರಾಣಸಿ ಸಂಗೀತಕ್ಕೂ ಸೇರಿದವು. 2017ರಲ್ಲಿ ಚೆನ್ನೈ ಸಂಗೀತಕ್ಕೆ, 2019ರಲ್ಲಿ ಮುಂಬೈ ಚಲನಚಿತ್ರಕ್ಕೆ ಮತ್ತು ಹೈದರಾಬಾದ್ ಆಹಾರಕ್ಕೆ, 2021ರಲ್ಲಿ ಶ್ರೀನಗರ ಕರಕುಶಲಕ್ಕೆ, 2023ರಲ್ಲಿ ಗ್ವಾಲಿಯರ್ ಸಂಗೀತಕ್ಕೆ ಮತ್ತು ಕೋಝಿಕ್ಕೋಡ್ ಸಾಹಿತ್ಯಕ್ಕೆ, 2025ರಲ್ಲಿ ಲಖನೌ ಆಹಾರಕ್ಕೆ ಆಯ್ಕೆಯಾದವು. ಇವುಗಳಲ್ಲಿ ಕರ್ನಾಟಕದ ಊರು ಒಂದೂ ಇಲ್ಲ ಎಂಬುದನ್ನು ಸಭೆಯಲ್ಲಿ ಯಾರಾದರೂ ಹೇಳಿದ್ದರೆ ಆ ಉತ್ಸಾಹ ಅರ್ಥವಾಗುತ್ತದೆ.

ಅರ್ಜಿಯನ್ನು ನಗರದ ಆಡಳಿತ ಸಲ್ಲಿಸಬೇಕು, ದೇಶದ ಯುನೆಸ್ಕೋ ರಾಷ್ಟ್ರೀಯ ಆಯೋಗ ಅದನ್ನು ಅನುಮೋದಿಸಬೇಕು. ಸೇರಿದ ಮೇಲೆ ಪ್ರತಿ ನಾಲ್ಕು ವರ್ಷಕ್ಕೊಮ್ಮೆ, ಹೇಳಿದ್ದನ್ನು ಎಷ್ಟರಮಟ್ಟಿಗೆ ಮಾಡಿದ್ದೇವೆಂದು ವರದಿ ಕೊಡಬೇಕು. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯಲ್ಲಿ ಬೆಲೆಯುಳ್ಳದ್ದು ಈ ನಾಲ್ಕು ವರ್ಷದ ಲೆಕ್ಕವೇ. ಕೋಝಿಕ್ಕೋಡಿನ ಉದಾಹರಣೆ ನೋಡಿ. ಅಲ್ಲಿ ನಗರಪಾಲಿಕೆಯೊಂದೇ ಕುಳಿತು ಅರ್ಜಿ ಬರೆಯಲಿಲ್ಲ. ಕೇರಳದ ಸ್ಥಳೀಯ ಆಡಳಿತ ತರಬೇತಿ ಸಂಸ್ಥೆಯಾದ "ಕಿಲಾ" ಜೊತೆಗೂಡಿತು. ಮಿಗಿಲಾಗಿ, ದಶಕಗಳಿಂದ ಅಲ್ಲಿ ಬೇರೂರಿದ್ದ ಗ್ರಂಥಾಲಯ ಚಳವಳಿಯೂ ಪ್ರಕಾಶಕರೂ ಓದುಗ ಕೂಟಗಳೂ ಅರ್ಜಿಯ ಹಿಂದೆ ನಿಂತಿದ್ದವು. ಇದ್ದ ಬಳಕೆಗೆ ಹೆಸರು ಬಂತು ಎನ್ನಬೇಕು.

ಶಿರಸಿಗೆ ಸಾಧ್ಯವೇ ಎಂದು ಕೇಳಿದ್ದೀರಿ. 2011ರ ಜನಗಣತಿಯಂತೆ ಶಿರಸಿಯೂ ಕಾರವಾರವೂ ಒಂದು ಲಕ್ಷ ಜನಸಂಖ್ಯೆಯನ್ನು ಮುಟ್ಟದ ಊರುಗಳು. ಮೇಲಿನ ಭಾರತೀಯ ನಗರಗಳ ಸಾಲಿನಲ್ಲಿ ಅವು ತೀರಾ ಚಿಕ್ಕವು. ಆದ್ದರಿಂದ ಅರ್ಜಿಯಿಂದ ಆರಂಭಿಸಬೇಡಿ ಎಂದೇ ನನ್ನ ಸಲಹೆ. ಅರ್ಜಿಯಲ್ಲಿ ಕೇಳುವ ಪ್ರಶ್ನೆಗಳನ್ನು ಮಾತ್ರ ಎರವಲು ಪಡೆಯಿರಿ: ನಿಮ್ಮೂರಿನಲ್ಲಿ ಕಲೆಯಿಂದ ಬದುಕುವವರು ಯಾರು, ಅವರಿಗೆ ಯಾವ ಇಲಾಖೆ, ಯಾವ ಸಂಘ, ಯಾವ ವ್ಯಾಪಾರಿ ನೆರವಾಗುತ್ತಾರೆ, ಮುಂದಿನ ನಾಲ್ಕು ವರ್ಷದಲ್ಲಿ ಏನು ಬದಲಾಗಬೇಕು? ಈ ಮೂರಕ್ಕೆ ನಗರಸಭೆ, ದೇವಸ್ಥಾನದ ಆಡಳಿತ, ಸಹಕಾರಿ ಸಂಘಗಳು, ಅರಣ್ಯ ಇಲಾಖೆ ಮತ್ತು ಕುಶಲಕರ್ಮಿಗಳು ಒಂದೇ ಮೇಜಿನ ಸುತ್ತ ಕುಳಿತು ಬರೆದ ಉತ್ತರ ನಿಮ್ಮ ಬಳಿ ಇದ್ದರೆ, ಪ್ಯಾರಿಸ್ಸಿನ ಯುನೆಸ್ಕೋ ಕಚೇರಿಯಿಂದ ಬರುವ ಪತ್ರವನ್ನು ಕಾಯಬೇಕಾದ ಅಗತ್ಯ ಬಹಳ ಕಡಿಮೆಯಾಗುತ್ತದೆ.

ಪ್ರಶ್ನೆ: ನಾನು ಕುಮಟಾ ತಾಲೂಕಿನ ಗುಡಿಗಾರ. ಉತ್ಸವ ಬಂದಾಗ ನಮಗೆ ಮಳಿಗೆ ಕೊಡುತ್ತಾರೆ, ಪ್ರಮಾಣಪತ್ರ ಕೊಡುತ್ತಾರೆ. ಆದರೆ ಬಾಸಿಂಗ ಮಾಡಲು ಬೆಂಡು ಸಿಗುವುದು ಕಷ್ಟವಾಗಿದೆ, ಗಂಧದ ಕೊರಡು ನಮ್ಮ ಕೈಗೆ ಎಟುಕುವುದಿಲ್ಲ. ಮಗ ಬೇರೆ ಕೆಲಸ ಹಿಡಿದಿದ್ದಾನೆ. ಎಲ್ಲ ಇಲಾಖೆಗಳೂ "ಸಹಭಾಗಿತ್ವ" ಎನ್ನುತ್ತವೆ. ಅದರಿಂದ ನನ್ನ ಉಳಿಯ ಕೆಳಗೆ ಏನು ಬರುತ್ತದೆ?
ಗುಡಿಗಾರರೊಬ್ಬರು, ಕುಮಟಾ

ಉತ್ತರ: ಈ ಸಲದ ಪತ್ರಗಳಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ್ದು ನಿಮ್ಮದು. ಕಲೆಯ ಊರು ಕಟ್ಟುವ ಯೋಜನೆಗಳು ಸಾಮಾನ್ಯವಾಗಿ ಮಾರುವ ಕಡೆಯಿಂದ ಶುರುವಾಗುತ್ತವೆ: ಮಳಿಗೆ, ಮೇಳ, ಲಾಂಛನ, ಪ್ರವಾಸಿಗರ ಕರಪತ್ರ. ನೀವು ಕೇಳುತ್ತಿರುವುದು ಇನ್ನೊಂದು ತುದಿಯನ್ನು, ಅಂದರೆ ವಸ್ತು ಎಲ್ಲಿಂದ ಬರಬೇಕೆಂಬುದನ್ನು. ಇಲಾಖೆಗಳ ಸಹಭಾಗಿತ್ವಕ್ಕೆ ನಿಜವಾದ ಕೆಲಸವಿರುವುದು ಆ ತುದಿಯಲ್ಲಿ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ನಮ್ಮ ಜಿಲ್ಲೆಯ ಕಲೆಗಳ ಕಚ್ಚಾವಸ್ತುವನ್ನು ಒಮ್ಮೆ ಎಣಿಸಿ ನೋಡೋಣ. ನಿಮ್ಮ ಬಾಸಿಂಗದ ಬೆಂಡು ಕೆರೆ ಮತ್ತು ಜೌಗು ನೆಲದಲ್ಲಿ ಬೆಳೆಯುವ ಗಿಡದ್ದು. ಕೆರೆಯನ್ನು ಯಂತ್ರದಿಂದ ಅಂಚಿನವರೆಗೂ ಬಗೆದು ಸುತ್ತ ಕಲ್ಲು ಕಟ್ಟಿ "ಅಭಿವೃದ್ಧಿ" ಮಾಡಿದರೆ ನೀರು ನಿಲ್ಲಬಹುದು, ಬೆಂಡಿನ ಗಿಡಕ್ಕೆ ಬೇಕಾದ ತೆಳುನೀರಿನ ಅಂಚು ಉಳಿಯುವುದಿಲ್ಲ. ಬುಟ್ಟಿ ಹೆಣೆಯುವವರ ಬೆತ್ತ ಮತ್ತು ಬಿದಿರು ಕಾಡಿನವು. ಸಿದ್ದಿ ಸಮುದಾಯದ ಹೆಂಗಸರು ಯಲ್ಲಾಪುರ, ಹಳಿಯಾಳದ ಕಡೆ ಹೊಲಿಯುವ ಕೌದಿಗೆ ಹಳೆಯ ಸೀರೆ ಮತ್ತು ಬಟ್ಟೆಯ ತುಂಡುಗಳು ಬೇಕು. ಪೇಟೆಯ ದರ್ಜಿ ಅಂಗಡಿಗಳ ಚಿಂದಿಯನ್ನು ಕಸದ ಗಾಡಿಗೆ ಹೋಗುವ ಮೊದಲೇ ಬೇರೆ ಮಾಡಿ ಕೊಟ್ಟರೆ ಅದು ಅವರಿಗೆ ಬಂಡವಾಳ. ಘನತ್ಯಾಜ್ಯ ನಿಯಮಗಳು ಕಸವನ್ನು ಮೂಲದಲ್ಲೇ ವಿಂಗಡಿಸಬೇಕೆಂದು ಹೇಳಿರುವಾಗ, ಆ ವಿಂಗಡಣೆಯನ್ನು ಕೌದಿ ಹೊಲಿಯುವವರ ಮನೆಯವರೆಗೆ ಮುಂದುವರಿಸಲು ಹೊಸ ಕಾನೂನು ಬೇಕಾಗಿಲ್ಲ.

ಇವೆಲ್ಲಕ್ಕಿಂತ ಕಾವಿ ಕಲೆಯ ಕಥೆ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಕೊಂಕಣ ಕರಾವಳಿಯ ಗುಡಿಗಳ ಗೋಡೆಗಳ ಮೇಲೆ ಕೆಂಪು ಬಿಳುಪಿನಲ್ಲಿ ಮೂಡಿದ ಈ ಚಿತ್ರಗಳನ್ನು ಹೊನ್ನಾವರದ ಡಾ. ಕೃಷ್ಣಾನಂದ ಕಾಮತರು ಊರೂರು ತಿರುಗಿ ದಾಖಲಿಸಿದರು. ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ ಇಂದಿಗೂ ಅವನ್ನು ನೋಡಬಹುದು. ಕಡಲ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣಕ್ಕೆ ತೊಳೆದ ಹೊಳೆಮರಳನ್ನೂ ಬೆಲ್ಲವನ್ನೂ ಸೇರಿಸಿ, ದಿನಗಟ್ಟಲೆ ಕೊಳೆಯಲು ಬಿಟ್ಟು, ಕುಟ್ಟಿ ಹದಗೊಳಿಸಿದ ಗಾರೆಯನ್ನು ಗೋಡೆಗೆ ಬಳಿಯುತ್ತಾರೆ. ಅದರ ಮೇಲೆ ಕೆಮ್ಮಣ್ಣಿನ ಪದರ ಬರುತ್ತದೆ. ಅದು ಹಸಿಯಿರುವಾಗಲೇ ಕೈವಾರ ಹಿಡಿದು ಗೀರಿ, ಮೊನೆಯಿಂದ ಕೆರೆದಾಗ ಒಳಗಿನ ಬಿಳುಪು ಹೊರಗೆ ಬಂದು ಚಿತ್ರವಾಗುತ್ತದೆ. ಅಂದರೆ ಘಟ್ಟದ ಮೇಲಿನ ಗುಡಿಯ ಗೋಡೆಗೆ ಘಟ್ಟದ ಕೆಳಗಿನ ಚಿಪ್ಪು ಬೇಕು.

ಈ ಎರಡನ್ನೂ ಬೆಸೆಯುವ ನದಿಯೊಂದು ನಮ್ಮಲ್ಲಿದೆ. ಶಿರಸಿ ಪೇಟೆಯ ಶಂಕರಹೊಂಡ ಅಘನಾಶಿನಿಯ ಮೂಲಗಳಲ್ಲೊಂದು. ಅಲ್ಲಿಂದ ಹೊರಟ ನೀರು ಕಾಡು, ತೋಟ, ಕಣಿವೆಗಳನ್ನು ದಾಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಲುಕದೆ, ನಿಮ್ಮ ಕುಮಟಾ ತಾಲೂಕಿನ ಅಳಿವೆಯಲ್ಲಿ ಕಡಲು ಸೇರುತ್ತದೆ. 4,801 ಹೆಕ್ಟೇರಿನ ಆ ಅಳಿವೆ ಜೌಗುನೆಲಗಳ ರಕ್ಷಣೆಗಾಗಿ ದೇಶಗಳು ಮಾಡಿಕೊಂಡ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿದ್ದು 2024ರ ಆರಂಭದಲ್ಲಿ ಪ್ರಕಟವಾಯಿತು. ಇಳಿತದ ಹೊತ್ತಿನಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವ ಹೆಂಗಸರು, ಗಜನಿ ಗದ್ದೆಯಲ್ಲಿ ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗ ಭತ್ತವನ್ನು ಉಳಿಸಿಕೊಂಡ ಮಾಣಿಕಟ್ಟಾದ ರೈತರು, ಸಾಣಿಕಟ್ಟಾದ ಉಪ್ಪಿನಾಗರದವರು, ಇವರೆಲ್ಲರ ಬದುಕು ನಿಂತಿರುವುದು ಮೇಲಿನಿಂದ ಬರುವ ಸಿಹಿನೀರು ಮತ್ತು ಕೆಳಗಿನಿಂದ ಏರುವ ಉಪ್ಪುನೀರಿನ ಹದದ ಮೇಲೆ. ಹಾಗಿರುವಾಗ ಶಿರಸಿ ನಗರಸಭೆ ತನ್ನ ಚರಂಡಿಯ ನೀರನ್ನು ಹೇಗೆ ಶುದ್ಧಗೊಳಿಸುತ್ತದೆ ಎಂಬುದು ಕುಮಟಾದ ಕುಶಲಕರ್ಮಿಯ ಪ್ರಶ್ನೆಯೂ ಹೌದು. ಇದನ್ನು ಒಪ್ಪಿಕೊಂಡರೆ "ಸೃಜನಶೀಲ ನಗರ" ಎಂಬುದರ ಗಡಿ ಪೇಟೆಯ ಗಡಿಯಲ್ಲಿ ನಿಲ್ಲುವುದಿಲ್ಲ. ಇಲ್ಲಿಯ ಊರುಗಳ ಕಲೆ ಊರಿನ ಹೊರಗೆ ಹುಟ್ಟುತ್ತದೆ.

ಇನ್ನು ನಿಮ್ಮ ಉಳಿಯ ಕೆಳಗೆ ಬರುವುದೇನು ಎಂಬ ಮಾತು. ಮೂರು ಬಾಗಿಲುಗಳನ್ನು ತಟ್ಟಬಹುದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿಯೊಂದು ಪಂಚಾಯತಿ, ಪುರಸಭೆ, ನಗರಸಭೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ನಿಮ್ಮ ಬೆಂಡಿನ ಗಿಡ ಯಾವ ಯಾವ ಕೆರೆಯಲ್ಲಿದೆ, ಎಲ್ಲಿತ್ತು, ಯಾವಾಗ ಕೊಯ್ಯಬೇಕು ಎಂಬುದು ಆ ದಾಖಲಾತಿಯಲ್ಲಿ ಗುಡಿಗಾರರ ಬಾಯಿಂದಲೇ ಬರಲಿ. ಹಾಗೆ ಬರೆಯಿಸಿದ ಮೇಲೆ ಆ ಕೆರೆಯ ಹೂಳೆತ್ತುವ ಕಾಮಗಾರಿಗೆ ಮೊದಲು ನಿಮ್ಮನ್ನು ಕೇಳಬೇಕೆಂದು ಪಂಚಾಯತಿಯಲ್ಲಿ ಠರಾವು ಮಾಡಿಸುವುದು ಸುಲಭವಾಗುತ್ತದೆ. ಎರಡನೆಯದು ಬೆತ್ತ ಮತ್ತು ಬಿದಿರು. 2006ರ ಅರಣ್ಯ ಹಕ್ಕು ಕಾಯ್ದೆ ಇವನ್ನು ಕಿರು ಅರಣ್ಯ ಉತ್ಪನ್ನಗಳೆಂದು ಹೆಸರಿಸಿ, ಕಾಡಿನಲ್ಲಿ ಬದುಕುವ ಸಮುದಾಯಗಳಿಗೆ ಅವುಗಳ ಮೇಲೆ ಹಕ್ಕನ್ನು ಕೊಟ್ಟಿದೆ. ಸಂಗ್ರಹಿಸುವವರಿಗೂ ಹೆಣೆಯುವವರಿಗೂ ನಡುವೆ ನೇರ ಕರಾರು ಇದ್ದರೆ ಇಬ್ಬರಿಗೂ ಬೆಲೆ ನಿಲ್ಲುತ್ತದೆ. ಮೂರನೆಯದು ಗಂಧ. 2001ರ ತಿದ್ದುಪಡಿಯಿಂದ ತನ್ನ ಜಮೀನಿನ ಗಂಧದ ಮರದ ಒಡೆತನ ರೈತನಿಗೆ ದೊರೆತಿದೆ. ಶಿರಸಿ, ಸಿದ್ದಾಪುರದ ಬೆಳೆಗಾರರ ಸಹಕಾರಿ ಸಂಘಗಳು ಅಡಿಕೆಯ ವಹಿವಾಟಿನಲ್ಲಿ ತೋರಿಸಿದ ಶಿಸ್ತನ್ನು, ಅರಣ್ಯ ಇಲಾಖೆಯನ್ನು ಒಳಗೊಂಡು, ಗುಡಿಗಾರರಿಗೆ ಗಂಧ ಒದಗಿಸುವುದರಲ್ಲಿಯೂ ತೋರಿಸಬೇಕೆಂದು ನೀವು ಕೇಳುವುದು ಅತಿಯಾಸೆಯೇನೂ ಅಲ್ಲ. ಗಂಧದ ಮರ ಬಲಿಯಲು ವರ್ಷಗಳು ಬೇಕು, ಇಂದು ಕೇಳಿದ್ದು ನಿಮ್ಮ ಕೈಗಿಂತ ನಿಮ್ಮ ಮೊಮ್ಮಗನ ಕೈಗೆ ಬರಬಹುದು. ಹಾಗೆಂದೇ ಇಂದು ಕೇಳಬೇಕು.

ಬಾಲ್ಯದಲ್ಲಿ ನಾನು ಕಂಡಿದ್ದ ಒಂದು ಗುಡಿಯ ಕಾವಿ ಗೋಡೆ ಜೀರ್ಣೋದ್ಧಾರದ ಹೆಸರಿನಲ್ಲಿ ಹೊಳೆಯುವ ಟೈಲ್ಸಿನ ಕೆಳಗೆ ಹೋಯಿತು. ಮಾಡಿಸಿದವರು ಭಕ್ತಿಯಿಂದಲೇ ಮಾಡಿಸಿದರು. ಆ ಗಾರೆಯನ್ನು ಹದ ಮಾಡಬಲ್ಲವರು ಪಕ್ಕದ ಊರಿನಲ್ಲೇ ಇದ್ದರೆಂದು ಅವರಿಗೆ ಹೇಳುವವರು ಇರಲಿಲ್ಲ. ನೆನಪಾದಾಗಲೆಲ್ಲ ಇಂದಿಗೂ ಸಂಕಟವಾಗುತ್ತದೆ.

ಪ್ರಶ್ನೆ: ಕಾರವಾರದಲ್ಲಿ ಬಳಕೆ ತಪ್ಪಿದ ಹಳೆಯ ಕಟ್ಟಡವೊಂದನ್ನು ಕಲಾಕೇಂದ್ರ ಮಾಡಿಸಿಕೊಡಿ ಎಂದು ಗೆಳೆಯರು ಸೇರಿ ಮನವಿ ಬರೆಯುತ್ತಿದ್ದೇವೆ. ಹೊಸ ರಂಗಮಂದಿರವನ್ನೇ ಕೇಳಿ ಎಂದು ಹಿರಿಯರು ಹೇಳುತ್ತಾರೆ. ಯಾವುದು ಸರಿ?
ಕಾಲೇಜು ವಿದ್ಯಾರ್ಥಿ, ಕಾರವಾರ

ಉತ್ತರ: ಹಳೆಯದನ್ನೇ ಕೇಳಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಗುಡ್ಡ ಮತ್ತು ಅರಣ್ಯ, ಉತ್ತರಕ್ಕೆ ಕಾಳಿ ನದಿ, ದಕ್ಷಿಣಕ್ಕೆ ನೌಕಾನೆಲೆ. ನಿಮ್ಮ ಊರಿಗೆ ಚಾಚಿಕೊಳ್ಳಲು ಜಾಗವೇ ಇಲ್ಲ. ಆ ನೌಕಾನೆಲೆಯ ಸೀಬರ್ಡ್ ಯೋಜನೆಗಾಗಿ ಊರುಗಳನ್ನೇ ಬಿಟ್ಟುಕೊಟ್ಟ ಕುಟುಂಬಗಳು ಇರುವ ತಾಲೂಕಿನಲ್ಲಿ ಭೂಮಿಯ ಪ್ರತಿ ಗುಂಟೆಯನ್ನೂ ಎಚ್ಚರದಿಂದ ಬಳಸಬೇಕು. ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಹೊಸ ಕಟ್ಟಡಕ್ಕೆ ಮಿತಿ ಹಾಕುತ್ತವೆ. ಇದ್ದ ಗೋಡೆಯನ್ನು ಉಳಿಸಿಕೊಂಡರೆ ಅಷ್ಟರಮಟ್ಟಿಗೆ ಕಲ್ಲು, ಮರಳು, ಸಿಮೆಂಟು ಉಳಿಯಿತು.

ಜಪಾನಿನ ಕನಜಾವಾ ನಗರದಲ್ಲಿ ನೂಲಿನ ಗಿರಣಿಯ ಹಳೆಯ ಇಟ್ಟಿಗೆ ಗೋದಾಮುಗಳನ್ನು ಕೆಡವದೆ, 1996ರಲ್ಲಿ ನಾಗರಿಕರ ಕಲಾಗ್ರಾಮವಾಗಿ ತೆರೆದರು. ದಿನದ 24 ಗಂಟೆಯೂ ವರ್ಷದ ಎಲ್ಲ ದಿನವೂ ಅದು ತೆರೆದಿರುತ್ತದೆ. ಹಗಲು ದುಡಿಯುವವರು ರಾತ್ರಿ ನಾಟಕದ ತಾಲೀಮು ನಡೆಸಬೇಕಾದರೆ ಬೇರೆ ದಾರಿಯಿಲ್ಲ ಎಂಬುದು ಅದರ ಹಿಂದಿನ ಸರಳ ತಿಳಿವಳಿಕೆ. ಕಟ್ಟಡ ನಗರಾಡಳಿತದ್ದು, ನಿತ್ಯದ ನಡೆಸುವಿಕೆಯಲ್ಲಿ ನಾಗರಿಕರೊಳಗಿಂದಲೇ ಬಂದ ನಿರ್ದೇಶಕರಿಗೆ ಅಧಿಕಾರ. ಆ ನಗರ 2009ರಲ್ಲಿ ಯುನೆಸ್ಕೋ ಜಾಲಕ್ಕೆ ಕರಕುಶಲ ಮತ್ತು ಜಾನಪದ ಕಲೆಯ ನಗರವಾಗಿ ಸೇರಿತು. ನಮ್ಮ ನೆರೆಯ ಕೊಚ್ಚಿಯಲ್ಲಿ 2012ರಿಂದ ನಡೆಯುತ್ತಿರುವ ಕಲಾ ದ್ವೈವಾರ್ಷಿಕವೂ ಕಲಾವಿದರು ಮುಂದಾಗಿ, ಸರಕಾರ ನೆರವಾಗಿ, ಹಳೆಯ ಸರಕುಕೋಠಿಗಳನ್ನೇ ಪ್ರದರ್ಶನದ ಅಂಗಳ ಮಾಡಿಕೊಂಡದ್ದು.

ಆದರೆ ನಿಮ್ಮ ಮನವಿಯಲ್ಲಿ ಒಂದು ಪುಟ ಹೆಚ್ಚಿಗೆ ಇರಲಿ. ಕರಾವಳಿಯ ಮಳೆಗೆ ಪ್ರತಿ ವರ್ಷ ಮಾಡಿನ ಹಂಚು ಸರಿಪಡಿಸಬೇಕು, ಗೆದ್ದಲು ನೋಡಿಕೊಳ್ಳಬೇಕು, ಜಂಬಿಟ್ಟಿಗೆಯ ಗೋಡೆಗೆ ನೀರು ನುಸುಳದಂತೆ ಕಾಯಬೇಕು. ಇದನ್ನು ಯಾರು ಮಾಡುತ್ತಾರೆ, ವಿದ್ಯುತ್ ಬಿಲ್ಲನ್ನು ಯಾರು ತುಂಬುತ್ತಾರೆ, ಕೀಲಿಕೈ ಯಾರ ಬಳಿ ಇರುತ್ತದೆ, ಮೀನುಗಾರರ ಭಜನಾ ತಂಡಕ್ಕೂ ಕೊಂಕಣಿ ನಾಟಕದವರಿಗೂ ಯಕ್ಷಗಾನದ ಮಕ್ಕಳಿಗೂ ದಿನಗಳನ್ನು ಹೇಗೆ ಹಂಚುತ್ತೀರಿ ಎಂಬುದನ್ನು ನೀವೇ ಮೊದಲು ಬರೆದುಕೊಡಿ. ಕಟ್ಟಡಗಳು ಉದ್ಘಾಟನೆಯ ಮರುವರ್ಷ ಬೀಗ ಹಾಕಿಕೊಳ್ಳುವುದು ಇಂಥ ಚಿಕ್ಕ ಪ್ರಶ್ನೆಗಳಿಗೆ ಉತ್ತರವಿಲ್ಲದೆ.

ನೀವು ಪತ್ರದ ಕೊನೆಯಲ್ಲಿ ಠಾಗೋರರ ಹೆಸರು ತಂದಿದ್ದೀರಿ. 1883ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು, ಕಾಳಿ ನದಿಯಲ್ಲಿ ಬೆಳದಿಂಗಳ ರಾತ್ರಿ ದೋಣಿಯಲ್ಲಿ ತೇಲಿ, ಇಲ್ಲಿಯೇ ಒಂದು ನಾಟಕ ಬರೆದವರು ಅವರು. ಅವರ ಹೆಸರಿನ ಕಡಲತೀರ ಇದೆ. ಹೊಸದಾಗಿ ಒಬ್ಬ ಹುಡುಗಿ ಕುಳಿತು ನಾಟಕ ಬರೆಯಲು ಒಂದು ಮೇಜು, ಒಂದು ದೀಪವನ್ನು ನಿಮ್ಮ ಮನವಿಯಲ್ಲಿ ಸೇರಿಸಿ.

ಪ್ರಶ್ನೆ: ನಾವು ಹಾಲಕ್ಕಿಗಳು. ನಮ್ಮ ಅಜ್ಜಿಯಂದಿರ ಹಾಡುಗಳನ್ನು ಬಂದವರೆಲ್ಲ ಮೊಬೈಲಿನಲ್ಲಿ ಹಿಡಿದುಕೊಂಡು ಹೋಗುತ್ತಾರೆ. ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ಆಮೇಲೆ ಆ ಹಾಡು ಎಲ್ಲಿ ಹೋಯಿತೆಂದು ಗೊತ್ತಾಗುವುದಿಲ್ಲ. ಊರಿನ ಕಲೆ ಎಂದು ಹೇಳುವಾಗ ನಮ್ಮ ಪಾಲು ಏನು?
ಯುವತಿಯೊಬ್ಬರು, ಅಂಕೋಲಾ

ಉತ್ತರ: ತಂಗಿ, ಈ ಪ್ರಶ್ನೆಯನ್ನು ಎಲ್ಲ ಯೋಜನೆಗಳೂ ಮೊದಲ ಪುಟದಲ್ಲಿ ಬರೆದುಕೊಳ್ಳಬೇಕು. ನಿಮ್ಮ ತಾಲೂಕಿನ ಇಬ್ಬರು ಹಾಲಕ್ಕಿ ತಾಯಂದಿರಿಗೆ ದೇಶ ಪದ್ಮಶ್ರೀ ಕೊಟ್ಟಿತು. ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಹಾಡಿಗಾಗಿ ಬಂತು, ತುಳಸಿ ಗೌಡರು 2021ರಲ್ಲಿ ಗಿಡಮರಗಳ ಅರಿವಿಗಾಗಿ ಅದನ್ನು ಸ್ವೀಕರಿಸಿದರು. 2024ರ ಡಿಸೆಂಬರಿನಲ್ಲಿ ತುಳಸಿ ಗೌಡರನ್ನೂ 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿಯನ್ನೂ ಕಳೆದುಕೊಂಡೆವು. ಒಂದೇ ಸಮುದಾಯದಲ್ಲಿ ಹಾಡೂ ಕಾಡೂ ಜೊತೆಯಾಗಿ ಉಳಿದದ್ದನ್ನು ಗಮನಿಸಿ. ಸಂಸ್ಕೃತಿ ಇಲಾಖೆ ಒಂದನ್ನು, ಅರಣ್ಯ ಇಲಾಖೆ ಇನ್ನೊಂದನ್ನು ಬೇರೆ ಬೇರೆ ಕಡತದಲ್ಲಿ ಇಟ್ಟುಕೊಂಡರೂ ನಿಮ್ಮ ಕೇರಿಯಲ್ಲಿ ಅವು ಬೇರೆಯಾಗಿರಲಿಲ್ಲ.

ಹಕ್ಕಿನ ಮಾತು. ತಲೆಮಾರುಗಳಿಂದ ಬಂದ ಹಾಡಿನ ಮೇಲೆ ಒಬ್ಬರ ಕೃತಿಸ್ವಾಮ್ಯ ಇರುವುದಿಲ್ಲ, ಆದರೆ ಹಾಡಿದವರಿಗೆ ಹಕ್ಕಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ ಬಂದ ತಿದ್ದುಪಡಿಗಳ ಪ್ರಕಾರ, ಪ್ರದರ್ಶಕರ ಒಪ್ಪಿಗೆಯಿಲ್ಲದೆ ಅವರ ಹಾಡನ್ನು ದಾಖಲಿಸಿ ವ್ಯಾಪಾರಕ್ಕೆ ಬಳಸುವಂತಿಲ್ಲ. ಪ್ರದರ್ಶನ ನಡೆದ ಮರುವರ್ಷದ ಆರಂಭದಿಂದ 50 ವರ್ಷಗಳವರೆಗೆ ಈ ಹಕ್ಕು ಇರುತ್ತದೆ. 2012ರ ತಿದ್ದುಪಡಿ ವಾಣಿಜ್ಯ ಬಳಕೆಗೆ ರಾಯಧನವನ್ನೂ, ಹಾಡಿದವರ ಹೆಸರು ಹೇಳಬೇಕೆಂಬ ಹಕ್ಕನ್ನೂ ಸೇರಿಸಿತು. ಭಾರತ 2005ರಲ್ಲಿ ಒಪ್ಪಿಕೊಂಡ ಯುನೆಸ್ಕೋದ ಅಮೂರ್ತ ಪರಂಪರೆಯ ಒಡಂಬಡಿಕೆಯೂ ಸಮುದಾಯವನ್ನು ಒಳಗೊಳ್ಳದೆ ಪರಂಪರೆಯನ್ನು ಕಾಪಾಡಲಾಗದೆಂದು ಹೇಳುತ್ತದೆ.

ಕಾನೂನು ಪುಸ್ತಕದಲ್ಲಿರುವುದು ಕೇರಿಗೆ ಬರಬೇಕಾದರೆ ಒಂದು ಚಿಕ್ಕ ಏರ್ಪಾಡು ಬೇಕು. ನಿಮ್ಮ ಕೇರಿಯಲ್ಲಿ ಒಂದು ದಾಖಲೆ ಪುಸ್ತಕ ಇಡಿ: ಯಾರು ಬಂದರು, ಯಾವ ಹಾಡನ್ನು ಹಿಡಿದರು, ಯಾತಕ್ಕೆ, ಹಾಡಿದವರು ಯಾರು. ದಾಖಲೆಯ ಒಂದು ಪ್ರತಿ ಹಿಂದಿರುಗಿ ಬರಬೇಕೆಂಬ ಒಂದು ವಾಕ್ಯದ ಒಪ್ಪಿಗೆ ಪತ್ರಕ್ಕೆ ಬಂದವರ ಸಹಿ ಇರಲಿ. ಹಾಗೆ ಬಂದ ಪ್ರತಿಗಳನ್ನು ಅಂಕೋಲೆಯ ಕಾಲೇಜಿನ ಗ್ರಂಥಾಲಯವೊಂದು ಇಟ್ಟುಕೊಳ್ಳಲಿ. ಉತ್ಸವದ ಸಂಘಟಕರು ಹಾಡುಗಾರ್ತಿಯರಿಗೆ ಕೊಡುವ ಸಂಭಾವನೆಯನ್ನು ಆಹ್ವಾನ ಪತ್ರದಲ್ಲೇ ಬರೆಯಲಿ. ಶಾಲು ಬೇಡವೆನ್ನಬೇಕಾಗಿಲ್ಲ, ಅದು ಸಂಭಾವನೆಯ ಜಾಗವನ್ನು ಕಿತ್ತುಕೊಳ್ಳದಿರಲಿ.

ಪ್ರಶ್ನೆ: ನಾನು ಜಿಲ್ಲೆಯ ನಗರಸಭೆಯೊಂದರ ಸದಸ್ಯ. ಕಲೆ, ಸಂಸ್ಕೃತಿ ನಮ್ಮ ಕೆಲಸವಲ್ಲ, ರಸ್ತೆ, ನೀರು, ಕಸ ನೋಡಿಕೊಂಡರೆ ಸಾಕು ಎಂದು ಸಭೆಯಲ್ಲಿ ಹೇಳುತ್ತಾರೆ. ಹಣವೂ ಇಲ್ಲ. ಖಾಸಗಿ ಕಂಪನಿಗಳಿಂದ ಪಡೆಯಬಹುದೇ? ಎಲ್ಲಿಂದ ಶುರು ಮಾಡಲಿ?
ನಗರಸಭಾ ಸದಸ್ಯರು

ಉತ್ತರ: ಕೆಲಸವಲ್ಲ ಎಂಬ ಮಾತು ಸರಿಯಲ್ಲ. ಸಂವಿಧಾನದ 74ನೆಯ ತಿದ್ದುಪಡಿಯಿಂದ ಬಂದ 12ನೆಯ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಅವುಗಳಲ್ಲಿ 13ನೆಯದು ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯದ ಅಂಶಗಳ ಅಭಿವೃದ್ಧಿ. ಪರಿಸರ ರಕ್ಷಣೆಯೂ ಅದೇ ಪಟ್ಟಿಯಲ್ಲಿದೆ. ಮುಂದಿನ ಸಭೆಗೆ ಆ ಪುಟವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಹಣದ ವಿಷಯದಲ್ಲಿ ಮೊದಲು ಮನೆಯೊಳಗೆ ನೋಡಿ. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೆಂದು ಶೇಕಡಾ 6ರಷ್ಟನ್ನು ನಿಮ್ಮ ನಾಗರಿಕರು ಈಗಾಗಲೇ ಕಟ್ಟುತ್ತಿದ್ದಾರೆ. ಅದು ಗ್ರಂಥಾಲಯ ಇಲಾಖೆಗೆ ಸಕಾಲಕ್ಕೆ ಸಂದಾಯವಾಗುತ್ತಿದೆಯೇ, ಊರಿನ ಗ್ರಂಥಾಲಯದಲ್ಲಿ ಸಂಜೆಯ ಹೊತ್ತು ಓದುಗರಿಗೂ ಬರಹಗಾರರಿಗೂ ಜಾಗವಿದೆಯೇ ಎಂದು ಕೇಳುವುದರಿಂದ ಒಂದು ರೂಪಾಯಿ ಹೊಸ ಖರ್ಚಿಲ್ಲದೆ ಕೆಲಸ ಆರಂಭವಾಗುತ್ತದೆ.

ಕಂಪನಿಗಳ ಬಗ್ಗೆ: 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ, ನಿಗದಿತ ಗಾತ್ರ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಬಳಸಬೇಕು. ಪರಂಪರೆಯ ಕಟ್ಟಡಗಳ ದುರಸ್ತಿ, ಸಾರ್ವಜನಿಕ ಗ್ರಂಥಾಲಯ, ಸಾಂಪ್ರದಾಯಿಕ ಕಲೆ ಮತ್ತು ಕರಕುಶಲಗಳ ಅಭಿವೃದ್ಧಿ ಇವು ಆ ಕಾಯ್ದೆಯ 7ನೆಯ ಅನುಸೂಚಿಯಲ್ಲಿ ಹೆಸರಿಸಿದ ಬಾಬ್ತುಗಳೇ. ಆದ್ದರಿಂದ ಕೇಳಬಹುದು. ಹಾಗೆ ಬರುವ ಹಣ ಒಂದೆರಡು ವರ್ಷದ್ದು ಎಂಬುದನ್ನು ಮರೆಯದೆ, ಅದನ್ನು ಕಟ್ಟಡದ ದುರಸ್ತಿಗೆ, ಉಪಕರಣಕ್ಕೆ ಬಳಸಿ. ಗುರುಗಳ ಸಂಬಳವನ್ನೂ ನಿತ್ಯದ ಖರ್ಚನ್ನೂ ಅದರ ಮೇಲೆ ನಿಲ್ಲಿಸಬೇಡಿ. ನಿತ್ಯದ ಖರ್ಚಿಗೆ ಊರಿನವರೇ ಆದ ಸಂಸ್ಥೆಗಳು ಬೇಕು. ಶಿರಸಿ ಅಡಿಕೆಗೆ 2019ರಲ್ಲಿ, ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ಬಂದಾಗ ಅರ್ಜಿಯ ಹಿಂದೆ ಇದ್ದವರು ಸ್ಥಳೀಯ ಬೆಳೆಗಾರರ ಸಂಘಟನೆಗಳೇ. ಗುಣವಂತೆಯ ಕೆರೆಮನೆ ಯಕ್ಷಗಾನ ಮೇಳ 1934ರಿಂದ ಇಂದಿನವರೆಗೆ ನಡೆದುಬಂದದ್ದು ಒಂದು ಕುಟುಂಬದ ಛಲದಿಂದಲೂ ಊರೂರುಗಳ ಪ್ರೇಕ್ಷಕರ ಬೆಂಬಲದಿಂದಲೂ.

ಎಲ್ಲಿಂದ ಶುರು ಮಾಡಲಿ ಎಂದಿರಿ. ಒಂದು ಸಮಿತಿಯಿಂದ, ಅದರಲ್ಲೂ ಸಮಿತಿಯ ರಚನೆಯಿಂದ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾದರಿ ಇದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕಿಂತ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. ಮೀನು ಮಾರುವ ಅಮ್ಮನಿಗೆ ತಾನು ಕೂರುವ ಜಾಗದ ಬಗ್ಗೆ ಮಾತಾಡುವ ಹಕ್ಕನ್ನು ಕಾನೂನು ಕೊಟ್ಟಿತು. ನಿಮ್ಮ ನಗರಸಭೆ ಕಲೆ ಮತ್ತು ಕರಕುಶಲದ ಸಮಿತಿ ಮಾಡುವಾಗ ಅದೇ ಪಾಲನ್ನು ಕುಶಲಕರ್ಮಿಗಳಿಗೂ ಕಲಾವಿದರಿಗೂ ಇಟ್ಟುಬಿಡಿ. ಉಳಿದ ಕುರ್ಚಿಗಳು ಅರಣ್ಯ ಇಲಾಖೆ, ಮೀನುಗಾರಿಕೆ ಇಲಾಖೆ, ದೇವಸ್ಥಾನಗಳು, ಸಹಕಾರಿ ಸಂಘಗಳು, ಕಾಲೇಜುಗಳು, ವರ್ತಕರ ಸಂಘ ಮತ್ತು ನೆರೆಯ ಎರಡು ಮೂರು ಗ್ರಾಮ ಪಂಚಾಯತಿಗಳಿಗೆ ಹೋಗಲಿ. ಪಂಚಾಯತಿಗಳನ್ನು ಬಿಟ್ಟರೆ ಮೇಲೆ ಗುಡಿಗಾರರಿಗೆ ಹೇಳಿದ ಕೆರೆ, ಕಾಡು, ಅಳಿವೆಯ ಮಾತೆಲ್ಲ ಸಭೆಯ ಹೊರಗೇ ಉಳಿಯುತ್ತದೆ.

ಮೊದಲ ವರ್ಷಕ್ಕೆ ಒಂದೇ ಒಂದು ವಸ್ತುವನ್ನು ಆರಿಸಿ. ಚಿಪ್ಪಿನ ಸುಣ್ಣವಾಗಲಿ, ಬೆಂಡಾಗಲಿ, ಬಟ್ಟೆಯ ತುಂಡಾಗಲಿ, ಅದು ಹುಟ್ಟುವ ಜಾಗದಿಂದ ಕೊಳ್ಳುವವರ ಮನೆಯವರೆಗೆ ಯಾರ ಯಾರ ಕೈ ದಾಟುತ್ತದೆ, ಎಲ್ಲಿ ಕಡಿದುಹೋಗಿದೆ, ಆ ಜಾಗವನ್ನು ಸರಿಪಡಿಸುವ ಹೊಣೆ ಯಾರದು ಎಂದು ಹೆಸರು ಹಿಡಿದು ಠರಾವಿನಲ್ಲಿ ಬರೆಯಿರಿ. ಸಭೆಯನ್ನು ಮಳೆಗಾಲಕ್ಕೆ ಮುಂಚೆ ಕರೆದರೆ ಕೆರೆಗಳ ಅಂಚನ್ನೂ ಹಳೆಯ ಕಟ್ಟಡಗಳ ಮಾಡನ್ನೂ ಸದಸ್ಯರು ಕಣ್ಣಾರೆ ನೋಡಿ ಬರಬಹುದು. ಆ ಠರಾವಿನ ಒಂದು ಪ್ರತಿಯನ್ನು ಈ ಅಂಕಣಕ್ಕೂ ಕಳುಹಿಸಿಕೊಡಿ. ಭಟ್ಕಳ, ಹೊನ್ನಾವರ ಮತ್ತು ಮುಂಡಗೋಡಿನಿಂದ ಬಂದು ನನ್ನ ಮೇಜಿನ ಮೇಲಿರುವ ಇನ್ನೂ ಕೆಲವು ಪತ್ರಗಳಿಗೆ ಅದನ್ನು ಮುಂದಿಟ್ಟುಕೊಂಡೇ ಉತ್ತರಿಸುತ್ತೇನೆ.